ಬೆಳ್ಳಂದೂರು ಕೆರೆ, ಎಸ್‌ಟಿಪಿ ಮತ್ತು ರಂಜಕ: ಮಿಲಿಗ್ರಾಂನಿಂದ ಕೆಜಿಗೆ

ಕೊಳಚೆ ನೀರಿನಲ್ಲಿರುವ ರಂಜಕದ (ಫಾಸ್ಫರಸ್) ಲೆಕ್ಕದ ಪಾಠ ಓದುವಾಗ ನಾನು ಎರಡು ದಿನ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ಈಗ ಬಿಡಿಸಿಕೊಂಡಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಕೆರೆ

ಬೆಂಗಳೂರಿನ ಬೆಳ್ಳಂದೂರು ಕೆರೆ ಅಂದ ತಕ್ಷಣ ನೊರೆ ನೆನಪಾಗುತ್ತದೆ, 2015 ಮತ್ತು 2017ರಲ್ಲಿ ಎದ್ದ ಬೆಂಕಿ ನೆನಪಾಗುತ್ತದೆ. ನೊರೆಗೂ ರಂಜಕವೇ ಕಾರಣ ಅಂದುಕೊಂಡಿದ್ದೆ. ಅಲ್ಲ. ನೊರೆ ಬರುವುದು ಮುಖ್ಯವಾಗಿ ಸೋಪಿನ ಪುಡಿಯಲ್ಲಿ ಕೊಳೆ ಬಿಡಿಸಲು ಹಾಕುವ ಸರ್ಫ್ಯಾಕ್ಟಂಟ್‌ನಿಂದ. ನೀರೇ ಕಾಣದ ಹಾಗೆ ಹಬ್ಬುವ ಅಂತರಗಂಗೆ ಇದೆಯಲ್ಲ, ಅದನ್ನು ಸಾಕುವುದು ಸಾರಜನಕ ಮತ್ತು ರಂಜಕ. ಎರಡೂ ಬರುವುದು ಒಂದೇ ಕೊಳಚೆ ನೀರಿನಲ್ಲಿ, ಆದರೆ ಬೇರೆ ಬೇರೆ ತೊಂದರೆ.

ರಂಜಕದ ಮೇಲೆ ಯಾಕೆ ಇಷ್ಟು ಗಮನ? ಕೆನಡಾದ ಒಂಟಾರಿಯೊದಲ್ಲಿ 226ನೇ ಸಂಖ್ಯೆಯ ಒಂದು ಸಣ್ಣ ಸರೋವರವನ್ನು 1973ರಲ್ಲಿ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಮಾತ್ರ ಪಾಚಿ ಕಟ್ಟಿ ಹಸಿರಾಯಿತು. ಆ ಸರೋವರದ ಮೇಲಿನಿಂದ ತೆಗೆದ ಫೋಟೊ ನೋಡಿದರೆ ಸಾಕು, ಪುಟಗಟ್ಟಲೆ ಓದುವುದು ಬೇಡ.

ಮಿತಿ ಎಷ್ಟು?

2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಎಸ್‌ಟಿಪಿಗಳಿಗೆ (ಕೊಳಚೆ ನೀರು ಸಂಸ್ಕರಿಸುವ ಘಟಕಗಳಿಗೆ) ಹೊರಡಿಸಿದ ಮಾನದಂಡದಲ್ಲಿ ಸಾರಜನಕ, ರಂಜಕ ಎರಡೂ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಬಿಗಿ ಮಾಡಿತು. ಲೀಟರಿಗೆ ಬಿಒಡಿ (ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 10 ಮಿಲಿಗ್ರಾಂ, ಟಿಎಸ್‌ಎಸ್ (ನೀರಿನಲ್ಲಿ ತೇಲುವ ಕಣಗಳು) 20, ಒಟ್ಟು ಸಾರಜನಕ 10. ಕೆರೆ ಕುಂಟೆಗೆ ಬಿಡುವುದಾದರೆ ಒಟ್ಟು ರಂಜಕ 1.

ನಾನು ಸಿಕ್ಕಿಕೊಂಡ ಜಾಗ

ಅಭ್ಯಾಸಕ್ಕೆ ಒಂದು ಲ್ಯಾಬ್ ವರದಿ ಸಿಕ್ಕಿತ್ತು. "ಫಾಸ್ಫೇಟ್: 3.0", ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮಿತಿ 1, ಇಲ್ಲಿ 3, ಮೂರು ಪಟ್ಟು ಜಾಸ್ತಿ ಅಂತ ಬರೆದೆ. ತಪ್ಪಾಯಿತು.

ಮಿತಿ ಹೇಳಿರುವುದು ರಂಜಕದ ತೂಕದಲ್ಲಿ. ವರದಿ ಹೇಳಿರುವುದು ಫಾಸ್ಫೇಟಿನ ತೂಕದಲ್ಲಿ. ಫಾಸ್ಫೇಟ್ ಅಂದರೆ ಒಂದು ರಂಜಕದ ಜೊತೆ ನಾಲ್ಕು ಆಮ್ಲಜನಕ. ಪರಮಾಣು ತೂಕದಲ್ಲಿ ರಂಜಕ 31, ಆಮ್ಲಜನಕ 16ರಂತೆ ನಾಲ್ಕು, 64. ಒಟ್ಟು 95. 95 ಭಾಗಿಸು 31, ಅಂದರೆ 3.06. ಸಿಪ್ಪೆ ಸಮೇತ ಕಡಲೆಕಾಯಿ ತೂಗಿದ ಹಾಗೆ ಇದು, ನಮಗೆ ಬೇಕಾಗಿರುವುದು ಬೀಜದ ತೂಕ. 3.0ನ್ನು 3.06ರಿಂದ ಭಾಗಿಸಿದರೆ 0.98. ಮಿತಿಯ ಒಳಗೇ ಬಂತು!

ಸರಿ, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಆ 0.98 ಕರಗಿದ ಫಾಸ್ಫೇಟಿನದು ಮಾತ್ರ. ಮಿತಿ ಇರುವುದು "ಒಟ್ಟು" ರಂಜಕಕ್ಕೆ. ಹೊರಬರುವ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಕೆಸರಿನ ಚೂರುಗಳಲ್ಲೂ ರಂಜಕ ಇರುತ್ತದೆ, ಒಣ ತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ. ಟಿಎಸ್‌ಎಸ್ 20 ಇದ್ದರೆ ಅದರಿಂದಲೇ 0.4 ಬರುತ್ತದೆ. ಈಗ ಮೊತ್ತ 1.38. ಮತ್ತೆ ಮಿತಿ ಮೀರಿತು. ಟಿಎಸ್‌ಎಸ್ ಮಿತಿ ಸರಿಯಾಗಿ ಪಾಲಿಸಿದ ಘಟಕವೂ ಕೆಸರಿನ ಚೂರು ಸೇರಿದಾಗ ರಂಜಕದಲ್ಲಿ ಸೋಲಬಹುದು. ಅದಕ್ಕೇ ಕೊನೆಯಲ್ಲಿ ಮರಳಿನ ಫಿಲ್ಟರ್ ಬೇಕು ಅನ್ನುವುದು. ಇದು ಹೊಳೆದಾಗ ನನಗೆ ನಿಜಕ್ಕೂ ಖುಷಿಯಾಯಿತು.

ನೈಟ್ರೇಟಿಗೂ ಇದೇ ಎಚ್ಚರ ಬೇಕು. ಅಲ್ಲಿ ಸಾರಜನಕದ ತೂಕ ಸಿಗಲು ಭಾಗಿಸಬೇಕಾದ್ದು 4.43ರಿಂದ.

ನನ್ನ ಇಷ್ಟದ ಸುಲಭ ಸೂತ್ರ

ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಹತ್ತು ಲಕ್ಷ ಮಿಲಿಗ್ರಾಂ, ಅಂದರೆ ಸರಿಯಾಗಿ 1 ಕೆಜಿ. ಹಾಗಾಗಿ ಮಿಲಿಗ್ರಾಂ ಗುಣಿಸು ಎಂಎಲ್‌ಡಿ, ನೇರ ದಿನದ ಕೆಜಿ ಸಿಗುತ್ತದೆ. ಬೇರೆ ಏನೂ ಬೇಡ.

ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಸಂಸ್ಕರಿಸಿದ ನೀರು ಕಳಿಸುವ ಯೋಜನೆ 440 ಎಂಎಲ್‌ಡಿಯದು. ಆ ನೀರು 1 ಮಿಲಿಗ್ರಾಂ ಮಿತಿಯನ್ನು ಪಾಲಿಸಿದರೂ ದಿನಕ್ಕೆ 440 ಕೆಜಿ ರಂಜಕ. ಕೆರೆಗೆ ಮಿಲಿಗ್ರಾಂ ಗೊತ್ತಾಗುವುದಿಲ್ಲ, ಕೆಜಿಯೇ ಗೊತ್ತಾಗುವುದು. ಜನ ಹೆಚ್ಚಿ ನೀರು ಎರಡರಷ್ಟಾದರೆ, ಮಿತಿ ಅದೇ ಇದ್ದರೂ ಕೆರೆಗೆ ಬೀಳುವುದು ಎರಡರಷ್ಟೇ ಅಲ್ವಾ? ಅದಕ್ಕೆ ಇಡೀ ಜಲಾನಯನಕ್ಕೆ ದಿನದ ಕೆಜಿ ಲೆಕ್ಕದಲ್ಲೂ ಮಿತಿ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ತೆಗೆಯುವುದು ಹೇಗೆ

ಸಾರಜನಕವನ್ನು ಬ್ಯಾಕ್ಟೀರಿಯಾಗಳು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿ ಇಲ್ಲ. ಅದು ಹೊರಹೋಗುವುದು ಕೆಸರಿನ ಜೊತೆ ಮಾತ್ರ. ಒಂದೋ ರಂಜಕ ನುಂಗುವ ಬ್ಯಾಕ್ಟೀರಿಯಾ ಬೆಳೆಸಬೇಕು, ಇಲ್ಲ ಪಟಿಕ ಹಾಕಬೇಕು. ಹಳ್ಳಿಗಳಲ್ಲಿ ಕೊಡದ ರಾಡಿ ನೀರಿನಲ್ಲಿ ಪಟಿಕದ ತುಂಡು ಆಡಿಸುತ್ತಾರಲ್ಲ, ಅದೇ ಜಾತಿಯದು, ಘಟಕದಲ್ಲಿ ಹಾಕುವುದು ಅಲ್ಯೂಮಿನಿಯಂ ಸಲ್ಫೇಟ್. ಲೆಕ್ಕದ ಪ್ರಕಾರ ಒಂದು ಕೆಜಿ ರಂಜಕ ಹಿಡಿಯಲು 9.6 ಕೆಜಿ ಪಟಿಕ ಬೇಕು. ಘಟಕದಲ್ಲಿ ಇನ್ನೂ ಜಾಸ್ತಿಯೇ ಸುರಿಯಬೇಕಾಗುತ್ತದೆ.

ಆ ಕೆಸರು ಮಳೆಗೆ ಕೊಚ್ಚಿ ರಾಜಕಾಲುವೆ ಸೇರಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಕೆರೆಯ ತಳದ ಹೂಳಿನಲ್ಲಿ ಈಗಾಗಲೇ ಕೂತಿರುವ ರಂಜಕವೂ ಸುಮ್ನೆ ಇರುವುದಿಲ್ಲ. ಅದು ಹೂಳಿನಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಆಮ್ಲಜನಕ ಮುಗಿದಾಗ ಆ ಹಿಡಿತ ತಪ್ಪಿ ಮತ್ತೆ ನೀರಿಗೆ ಬರುತ್ತದೆ.

ಒಂದು ಲೆಕ್ಕ ಮಾಡಿ ನೋಡಿ: 15 ಎಂಎಲ್‌ಡಿ ಘಟಕ, ವರದಿಯಲ್ಲಿ ಫಾಸ್ಫೇಟ್ 4.6, ಟಿಎಸ್‌ಎಸ್ 10. ದಿನಕ್ಕೆ ಎಷ್ಟು ಕೆಜಿ ರಂಜಕ? ಸುಮಾರು 25.5 ಬರಬೇಕು. 72 ಬಂದರೆ 3.06ರಿಂದ ಭಾಗಿಸುವುದು ಬಿಟ್ಟುಹೋಗಿದೆ.