ಮೆಂತ್ಯ, ಶತಾವರಿ ಮತ್ತು ಆಫೀಸಿನ ಹತ್ತು ಗಂಟೆ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋಗಲು ಶುರುಮಾಡಿದ ಎರಡು–ಮೂರು ವಾರಕ್ಕೆ ತಾಯಂದಿರು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಕೈಯಲ್ಲಿ ಎದೆಹಾಲು ಹೆಚ್ಚಿಸುವ ಮೂಲಿಕೆಯ ಒಂದು ಡಬ್ಬಿ ಇರುತ್ತದೆ, ಇಲ್ಲವೇ ಮೊಬೈಲಿನಲ್ಲಿ ಡಬ್ಬಿಯ ಫೋಟೋ. "ಮೇಡಂ, ಹಾಲು ಕಡಿಮೆ ಆಗ್ತಿದೆ. ಇದನ್ನ ತಗೊಳ್ಳಬಹುದಾ? ಇದಕ್ಕಿಂತ ಸ್ಟ್ರಾಂಗ್ ಬೇರೆ ಇದೆಯಾ?"

ನಾನು ಮೊದಲು ಡಬ್ಬಿ ನೋಡುವುದಿಲ್ಲ. ಬೆಳಿಗ್ಗೆ ಎಷ್ಟಕ್ಕೆ ಮನೆ ಬಿಡುತ್ತೀರಿ, ಎಷ್ಟಕ್ಕೆ ವಾಪಸ್ ಬರುತ್ತೀರಿ, ನಡುವೆ ಎಷ್ಟು ಸಲ ಹಾಲು ತೆಗೆಯುತ್ತೀರಿ ಎಂದು ಕೇಳುತ್ತೇನೆ. ಬೆಂಗಳೂರಿನ ಉತ್ತರ ಹೆಚ್ಚುಕಡಿಮೆ ಒಂದೇ. ಎಂಟೂವರೆಗೆ ಹೊರಟರೆ ಟ್ರಾಫಿಕ್ ದಾಟಿ ಮನೆ ಸೇರುವಾಗ ಏಳು. ಹಾಲು ತೆಗೆಯುವುದು ಊಟದ ಹೊತ್ತಿಗೆ ಒಂದು ಸಲ. ಮೀಟಿಂಗ್ ಇದ್ದ ದಿನ ಅದೂ ಇಲ್ಲ.

ಇನ್ನೊಂದು ಪ್ರಶ್ನೆಯೂ ಇದೆ. ಸೋಮವಾರ ಬರುವಷ್ಟು ಹಾಲು ಶುಕ್ರವಾರ ಬರುತ್ತದಾ? "ಇಲ್ಲ ಮೇಡಂ, ಶುಕ್ರವಾರ ತುಂಬಾ ಕಡಿಮೆ. ಶನಿವಾರ, ಭಾನುವಾರ ಮಗು ಜೊತೆ ಇದ್ದರೆ ಮತ್ತೆ ಸರಿಹೋಗುತ್ತೆ" ಎಂದರೆ ನನಗೆ ಅರ್ಧ ಕಾರಣ ಸಿಕ್ಕಿತು. ಎರಡು ದಿನ ಮಗು ಚೀಪಿದರೆ ಹಾಲು ಏರುತ್ತದೆ ಅಂದರೆ ಆಕೆಯ ಮೈಯಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ಟೈಂಟೇಬಲ್ಲಿನಲ್ಲಿ.

ಹೆರಿಗೆಯಾದ ಹೊಸದರಲ್ಲಿ ಹಾಲನ್ನು ನಡೆಸುವುದು ಹಾರ್ಮೋನು. ಕೆಲವು ವಾರ ಕಳೆದ ಮೇಲೆ ಆ ಲೆಕ್ಕವನ್ನು ಬಹುಮಟ್ಟಿಗೆ ಸ್ತನವೇ ನೋಡಿಕೊಳ್ಳುತ್ತದೆ. ಖಾಲಿಯಾದರೆ ಬೇಗ ತುಂಬುತ್ತದೆ. ತುಂಬಿಕೊಂಡೇ ಇದ್ದರೆ ಉತ್ಪಾದನೆ ನಿಧಾನವಾಗುತ್ತದೆ. ದಿನಾ ಹತ್ತು ಗಂಟೆ ತುಂಬಿದ ಸ್ತನ ಹೊತ್ತು ಕೂತರೆ "ಇಷ್ಟು ಬೇಡ" ಎಂಬ ಸೂಚನೆ ಹೋಗುತ್ತಲೇ ಇರುತ್ತದೆ. ಆ ಸೂಚನೆಯನ್ನು ಎರಡು ಚಮಚ ಪುಡಿ ತಿರುಗಿಸಲಾರದು. ಗಿಡಮೂಲಿಕೆ ಬಗ್ಗೆ ನಾನು ಹೇಳುವುದಕ್ಕೆಲ್ಲ ಬುಡ ಇದೇ.

ಹಾಲು ನಿಜವಾಗಿ ಕಡಿಮೆ ಇದೆಯೇ ಎಂದೂ ನೋಡಬೇಕು. ಒಂದರಿಂದ ಆರು ತಿಂಗಳವರೆಗೆ ಎದೆಹಾಲನ್ನೇ ಕುಡಿಯುವ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿ ಕುಡಿಯುತ್ತದೆ. ಆ ಐದು ತಿಂಗಳಲ್ಲಿ ಈ ಪ್ರಮಾಣ ದೊಡ್ಡದಾಗಿ ಏರುವುದಿಲ್ಲ. ಗಂಟೆಗೆ ಸುಮಾರು 30 ಮಿಲಿ ಎಂದಿಟ್ಟುಕೊಳ್ಳಿ. ನೀವು ಹತ್ತು ಗಂಟೆ ಹೊರಗಿದ್ದರೆ ಮಗುವಿಗೆ ಬೇಕಾಗುವುದು ಸುಮಾರು 300 ಮಿಲಿ. ಮೂರು ಸಲ ಹಾಲು ತೆಗೆದು ಎರಡೂ ಕಡೆ ಸೇರಿ ಸಲಕ್ಕೆ 90–100 ಮಿಲಿ ಬಂದರೆ ಅದು ಸಾಕಷ್ಟು ಹಾಲೇ. ಆದರೆ ಫ್ರೀಜರ್ ತುಂಬ ಹಾಲಿನ ಪ್ಯಾಕೆಟ್ ಜೋಡಿಸಿದ ಯಾರದೋ ರೀಲ್ಸ್ ನೋಡಿ ಬಂದವರಿಗೆ 90 ಮಿಲಿ ಅಂದರೆ ಅಳು ಬರುತ್ತದೆ.

ಮನೆಯಲ್ಲಿ ಇನ್ನೊಂದು ಗಡಿಬಿಡಿ ನಡೆದಿರುತ್ತದೆ. ಅಜ್ಜಿ ಬಾಟಲಿಯಲ್ಲಿ 180 ಮಿಲಿ ಹಾಕುತ್ತಾರೆ. ಬಾಟಲಿಯಿಂದ ಹಾಲು ಸುರಿಯುತ್ತಲೇ ಇರುತ್ತದೆ, ಮಗು ನುಂಗುತ್ತಲೇ ಇರುತ್ತದೆ. "ನೋಡು, ಎಲ್ಲಾ ಖಾಲಿ ಮಾಡಿತು, ಇನ್ನೂ ಬೇಕಂತೆ!" ತಾಯಿ ತಂದದ್ದು ಸಾಲಲಿಲ್ಲ ಎಂದು ತೀರ್ಮಾನವಾಗುತ್ತದೆ. ಒಳಲೆಯಲ್ಲಿ ಅಥವಾ ಚಿಕ್ಕ ಲೋಟದಲ್ಲಿ 60–90 ಮಿಲಿ ನಿಧಾನವಾಗಿ, ನಡುನಡುವೆ ನಿಲ್ಲಿಸಿ ಕುಡಿಸಿ ಎಂದು ಹೇಳಿಕೊಟ್ಟರೆ ಎಷ್ಟೋ ಮನೆಗಳಲ್ಲಿ 'ಹಾಲಿನ ಕೊರತೆ' ಆ ವಾರವೇ ಹೋಗುತ್ತದೆ. ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆ ಮಾಡುತ್ತಿದೆ, ತೂಕ ಏರುತ್ತಿದೆ ಅಂದರೆ ಹಾಲು ಸಾಕಾಗುತ್ತಿದೆ. ಮೂರನೇ ತಿಂಗಳ ಹೊತ್ತಿಗೆ ಸ್ತನ ಮೆತ್ತಗಾಗುವುದು, ಬಟ್ಟೆ ಒದ್ದೆಯಾಗದಿರುವುದು ಎಲ್ಲವೂ ಸಹಜ.

ಈಗ ಮೂಲಿಕೆಗಳ ವಿಷಯ. ಬಾಣಂತನದ ಅಡುಗೆಯ ಬಗ್ಗೆ ನನಗೆ ತಕರಾರಿಲ್ಲ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸಿನ ಸಾರು, ನುಗ್ಗೆ ಸೊಪ್ಪು, ಅಂಟಿನುಂಡೆ, ಉತ್ತರ ಕರ್ನಾಟಕದ ಕಡೆಯಾದರೆ ಅಳವಿ ಪಾಯಸ. ಇವೆಲ್ಲ ಹಾಲು ಹೆಚ್ಚಿಸುತ್ತವೆಯೋ ಇಲ್ಲವೋ, ಬಾಣಂತಿಯ ಹೊಟ್ಟೆಯನ್ನಂತೂ ತುಂಬಿಸುತ್ತವೆ. ಹಾಲೂಡುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಕೆಲಸಕ್ಕೆ ಮರಳಿದ ಮೇಲೆ ಮೊದಲು ಬಿಟ್ಟುಹೋಗುವುದು ಇದೇ. ಬೆಳಿಗ್ಗೆ ನಿಂತುಕೊಂಡೇ ಅರ್ಧ ಇಡ್ಲಿ, ಮಧ್ಯಾಹ್ನ ಡೆಸ್ಕಿನಲ್ಲಿ ಬಿಸ್ಕತ್ತು. ಅದರ ಮೇಲೆ 'ಹಾಲು ಹೆಚ್ಚಿಸುವ' ಕ್ಯಾಪ್ಸೂಲ್! ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೂ ಅಳೆದು ಕೊಡುತ್ತಾರೆ. ಅದು ಬೇಡ, ಬಾಯಾರಿದಷ್ಟು ಕುಡಿಯಲಿ.

ಡಬ್ಬಿಗೆ ಬಂದರೆ ಮಾತು ಬೇರೆ. ಅಡುಗೆಯಲ್ಲಿ ಮೆಂತ್ಯ ಒಂದು ಚಿಟಿಕೆ. ಕ್ಯಾಪ್ಸೂಲ್ ರೂಪದಲ್ಲಿ ತೆಗೆದುಕೊಂಡರೆ ದಿನಕ್ಕೆ ಹಲವು ಗ್ರಾಂ ಆಗಬಹುದು. ಆಗ ಅದು ಔಷಧಿಯಂತೆಯೇ ಕೆಲಸ ಮಾಡುತ್ತದೆ. ಸಕ್ಕರೆ ಮಟ್ಟ ಇಳಿಸುತ್ತದೆ. ಡಯಾಬಿಟಿಸ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಎಚ್ಚರ ವಹಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಕಡಲೆಕಾಯಿ, ಕಡಲೆ ಅಲರ್ಜಿ ಇರುವವರಿಗೆ ಮೆಂತ್ಯವೂ ಅಲರ್ಜಿ ತರಬಹುದು. ಗ್ಯಾಸ್ ಮತ್ತು ಭೇದಿ ತಾಯಿಗೂ ಆಗುತ್ತದೆ, ಕೆಲವೊಮ್ಮೆ ಮಗುವಿಗೂ. ಬಸುರಿಯಲ್ಲೇ 'ಈಗಿಂದಲೇ ಹಾಲು ಬರಲಿ' ಎಂದು ಶುರುಮಾಡುವುದಂತೂ ಬೇಡವೇ ಬೇಡ. ದೊಡ್ಡ ಪ್ರಮಾಣದ ಮೆಂತ್ಯ ಗರ್ಭಕೋಶವನ್ನು ಕೆರಳಿಸಬಹುದು.

ಮೆಂತ್ಯ ತಿಂದರೆ ಬೆವರು ವಾಸನೆ ಬರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಸೋಟಲೋನ್ ಎಂಬ ಅಂಶ ಅದಕ್ಕೆ ಕಾರಣ. ಹೆರಿಗೆ ಹೊತ್ತಿನಲ್ಲಿ ತಾಯಿ ಮೆಂತ್ಯ ಸೇವಿಸಿದ್ದಕ್ಕೆ ನವಜಾತ ಶಿಶುವಿನ ಮೂತ್ರದಲ್ಲೂ ಆ ಸಿಹಿ ವಾಸನೆ ಬಂದು, ಮೇಪಲ್ ಸಿರಪ್ ಯೂರಿನ್ ಡಿಸೀಸ್ ಎಂಬ ಗಂಭೀರ ಕಾಯಿಲೆ ಇರಬೇಕೆಂದು ವೈದ್ಯರು ಗಾಬರಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಗುವನ್ನು ಡಾಕ್ಟರಿಗೆ ತೋರಿಸುವಾಗ ನೀವು ತಿನ್ನುವ ಮೂಲಿಕೆಗಳ ಹೆಸರನ್ನೂ ಹೇಳಿ ಎನ್ನುವುದು ಇದಕ್ಕೇ.

ಥೈರಾಯ್ಡ್ ಮಾತ್ರೆ ನುಂಗುವವರಲ್ಲಿ ನಾನು ಪದೇಪದೇ ಕಾಣುವ ಒಂದು ಅಭ್ಯಾಸವಿದೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಅದರ ಹಿಂದೆಯೇ ರಾತ್ರಿ ನೆನೆಸಿಟ್ಟ ಮೆಂತ್ಯ. ಮೆಂತ್ಯದ ನಾರು ಮಾತ್ರೆ ಮೈಗೆ ಹಿಡಿಯದಂತೆ ಮಾಡಬಹುದು. ಥೈರಾಯ್ಡ್ ಹತೋಟಿ ತಪ್ಪಿದರೆ ಹಾಲೇ ಕಡಿಮೆಯಾಗುತ್ತದೆ. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ.

ಶತಾವರಿಗೆ ಆಯುರ್ವೇದದಲ್ಲಿ ಹಳೆಯ ಹೆಸರಿದೆ. ನಮ್ಮ ದೇಶದಲ್ಲೇ ನಡೆದ ಚಿಕ್ಕ ಪ್ರಯೋಗಗಳಲ್ಲಿ ಒಂದರಲ್ಲಿ ತಾಯಂದಿರ ಪ್ರೊಲ್ಯಾಕ್ಟಿನ್, ಅಂದರೆ ಹಾಲು ತಯಾರಿಸುವ ಹಾರ್ಮೋನು, ಏರಿತು. ಇನ್ನೊಂದರಲ್ಲಿ ಶತಾವರಿ ಇದ್ದ ಮಿಶ್ರಣ ಕೊಟ್ಟವರಿಗೂ ಸುಮ್ಮನೆ ಹುಸಿ ಔಷಧಿ ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ ಹಾಲು ಹೆಚ್ಚಿಸುವ ಔಷಧಿ, ಮೂಲಿಕೆಗಳ ಮೇಲಿನ 41 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಮೂಲಿಕೆಗಳಿಂದ ಸ್ವಲ್ಪ ಲಾಭ ಇರಬಹುದು, ಆದರೆ ಪುರಾವೆ ಬಹಳ ದುರ್ಬಲ ಎಂಬುದು ಅದರ ತೀರ್ಮಾನ. ನನ್ನ ಅನುಭವವೂ ಇದಕ್ಕೆ ಹತ್ತಿರ. ಹಾಲು ತೆಗೆಯುವುದನ್ನು ಸರಿಮಾಡಿಕೊಂಡವರು ಪುಡಿಯನ್ನೂ ತೆಗೆದುಕೊಂಡರೆ ಪುಡಿಗೆ ಹೆಸರು ಬರುತ್ತದೆ. ಸರಿಮಾಡಿಕೊಳ್ಳದವರು ಒಂದರ ಹಿಂದೆ ಒಂದು ಡಬ್ಬಿ ಬದಲಿಸುತ್ತಾ ಹೋಗುತ್ತಾರೆ.

ಶತಾವರಿ ಗ್ರಾನ್ಯೂಲ್ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ಹಲವದರಲ್ಲಿ ಸಕ್ಕರೆಯೇ ಮುಖ್ಯ ಪದಾರ್ಥ. ಬಸುರಿಯಲ್ಲಿ ಶುಗರ್ ಬಂದಿದ್ದವರು ಅದನ್ನು ದಿನಾ ಎರಡು ಲೋಟ ಹಾಲಿಗೆ ಹಾಕಿಕೊಂಡು ಕುಡಿಯುವುದು ಕಂಡರೆ ನನಗೆ ನಿಜಕ್ಕೂ ಕಷ್ಟವಾಗುತ್ತದೆ. ಲೇಬಲ್ ಇಲ್ಲದ, ಪರವಾನಗಿ ಸಂಖ್ಯೆ ಇಲ್ಲದ, ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಪುಡಿ ಬೇಡ. ಅದರಲ್ಲಿ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತೆಗೆದುಕೊಳ್ಳಲೇಬೇಕು ಅನಿಸಿದರೆ ಒಂದು ಸಲಕ್ಕೆ ಒಂದೇ ಮೂಲಿಕೆ ಇರಲಿ. ಒಂದು ವಾರ ನೋಡಿ. ದಿನಕ್ಕೆ ತೆಗೆದ ಹಾಲನ್ನು ಬರೆದಿಡಿ. ಏರದಿದ್ದರೆ ನಿಲ್ಲಿಸಿ.

ಎಲ್ಲರದೂ ಟೈಂಟೇಬಲ್ ತೊಂದರೆಯಲ್ಲ. ದಿನವಿಡೀ ಮಗು ಜೊತೆಗಿದ್ದರೂ ಹಾಲು ಏರದವರು ಇದ್ದಾರೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಮಾಸಿನ ಚೂರು ಒಳಗೇ ಉಳಿದವರು, ಥೈರಾಯ್ಡ್ ಅಥವಾ ಪಿಸಿಒಎಸ್ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇರುವವರು, ಸ್ತನದ ಶಸ್ತ್ರಚಿಕಿತ್ಸೆ ಆದವರು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಸೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ ಕೂಡ ಹಾಲು ಇಳಿಸಬಲ್ಲವು. ಮಗುವಿನ ತೂಕ ಏರದಿದ್ದರೆ ಪುಡಿ ತಿಂದು ಕಾಯುವುದು ತಪ್ಪು. ಇನ್ನು ಡೋಂಪೆರಿಡೋನ್, ಹಾಲು ಹೆಚ್ಚಿಸಲೂ ಬಳಸುವ ವಾಂತಿಯ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವವರಿದ್ದಾರೆ. ಅದು ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ.

ಹಾಗಾದರೆ ಕೆಲಸದ ಜಾಗದಲ್ಲಿ ಏನು ಮಾಡಬೇಕು? ಮೂರು ಗಂಟೆಗೊಮ್ಮೆ, ಹದಿನೈದು–ಇಪ್ಪತ್ತು ನಿಮಿಷ ಹಾಲು ತೆಗೆಯಬೇಕು. ಪಂಪ್ ಇದ್ದರೆ ಅದರ ಕಪ್ಪಿನ ಅಳತೆ ನೋಡಿ. ಪಂಪಿನ ಜೊತೆ ಸಾಮಾನ್ಯವಾಗಿ ಬರುವುದು 24 ಮಿಮೀ, ಅದು ಎಲ್ಲರಿಗೂ ಹೊಂದುವುದಿಲ್ಲ. ಸಿಲಿಕೋನ್ ವಾಲ್ವ್ ಸಡಿಲಾದರೂ ಎಳೆತ ಇಳಿಯುತ್ತದೆ. ಆ ಚಿಕ್ಕ ವಾಲ್ವ್ ಬದಲಿಸಿದ್ದಕ್ಕೇ ಹಾಲು 'ವಾಪಸ್ ಬಂದ' ತಾಯಂದಿರನ್ನು ನೋಡಿದ್ದೇನೆ. ಪಂಪ್ ನಡೆಯುವಾಗ ಕೈಯಿಂದ ಮೆಲ್ಲಗೆ ಒತ್ತುತ್ತಿದ್ದರೆ ಇನ್ನೂ ಹೆಚ್ಚು ಹಾಲು ಬರುತ್ತದೆ.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಿಗೆ, ಶಾಲೆಯ ಟೀಚರುಗಳಿಗೆ, ಬಸ್ ಕಂಡಕ್ಟರುಗಳಿಗೆ ಈ ಪಂಪಿನ ಮಾತು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ನಾನು ಕೈಯಿಂದ ಹಿಂಡುವುದನ್ನು ಕಲಿಸುತ್ತೇನೆ. ಅಗಲ ಬಾಯಿಯ ಸ್ಟೀಲ್ ಡಬ್ಬಿ ಸಾಕು. ಇಡಲು ಫ್ರಿಜ್ ಇಲ್ಲ, ಜಾಗ ಶುಚಿಯಾಗಿಲ್ಲ ಅಂದರೆ ಹಿಂಡಿ ಚೆಲ್ಲಿಬಿಡಿ ಎಂದೂ ಹೇಳುತ್ತೇನೆ. ಅಮೃತ ಚೆಲ್ಲೋದಾ ಎಂದು ಅತ್ತೆಯರು ಬೈಯುತ್ತಾರೆ. ಆದರೆ ಚೆಲ್ಲಿದರೂ ಸ್ತನ ಖಾಲಿಯಾಯಿತು, ರಾತ್ರಿಗೆ ಮತ್ತು ನಾಳೆಗೆ ಹಾಲು ಉಳಿಯಿತು. ಶುಚಿಯಾಗಿ ತೆಗೆದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಈ ನಾಲ್ಕು ಗಂಟೆಯ ಲೆಕ್ಕ ನಡೆಯುವುದಿಲ್ಲ, ಐಸ್ ಪ್ಯಾಕ್ ಬೇಕೇ ಬೇಕು.

ರಜೆಯ ಲೆಕ್ಕವನ್ನೂ ಬಸುರಿಯಲ್ಲೇ ಹಾಕಿಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಬಂತು. ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ಮುಗಿಸಿದರೆ ಉಳಿಯುವುದು 18 ವಾರ. ಅಂದರೆ ಮಗುವಿಗೆ ನಾಲ್ಕು ತಿಂಗಳು ದಾಟುತ್ತಿದ್ದಂತೆ ನೀವು ಆಫೀಸಿನಲ್ಲಿ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ವಿರಾಮ ಬೇರೆ ಇದೆ. ಬಾಯಿಮಾತಿನಲ್ಲಿ ಕೇಳಬೇಡಿ. ಎಚ್‌ಆರ್‌ಗೆ ಇಮೇಲ್ ಹಾಕಿ, ಚಿಲಕ ಇರುವ ಒಂದು ಕೋಣೆ ಬೇಕು ಎಂದು ಅದರಲ್ಲೇ ಬರೆಯಿರಿ. ಟಾಯ್ಲೆಟ್ ತೋರಿಸಿದರೆ ಒಪ್ಪಬೇಡಿ.

ಆರು ತಿಂಗಳು ತುಂಬಿ ಮಗು ರಾಗಿ ಸರಿ, ಬೇಳೆ, ಹಣ್ಣು ತಿನ್ನಲು ಶುರುಮಾಡಿದ ಮೇಲೆ ಹಗಲಿನ ಹಾಲಿನ ಒತ್ತಡ ತಾನಾಗಿ ಸಡಿಲಾಗುತ್ತದೆ. ಆಗ ಪಂಪ್ ಮಾಡುವುದನ್ನು ಒಂದೊಂದಾಗಿ ಕಡಿಮೆ ಮಾಡಿ, ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು ಮುಂದುವರಿಸಬಹುದು. ಎರಡು ವರ್ಷದವರೆಗೂ ಹೀಗೇ ನಡೆಸಿದ ತಾಯಂದಿರು ನನ್ನ ಕ್ಲಿನಿಕ್ಕಿನಲ್ಲಿ ಬೇಕಾದಷ್ಟಿದ್ದಾರೆ.