ಗಾಡಿಯ ಗಿರಮಿಟ್ಟು ಪಬ್ಬಿನ ಮೇಜಿಗೆ ಬರುವಷ್ಟರಲ್ಲಿ ಮೆತ್ತಗಾಗುವುದು ಯಾಕೆ?

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯವರು. ಹೋದ ತಿಂಗಳು ಬೈಲಹೊಂಗಲದಿಂದ ಅವ್ವ ಬಂದಿದ್ದರು. ಅವರಿಗೆ ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ ಅಂದರೆ ಪ್ರಾಣ. ಆದರೆ ಮೊಣಕಾಲು ನೋವು, ಗಾಡಿ ಮುಂದೆ ನಿಂತು ತಿನ್ನಲು ಆಗುವುದಿಲ್ಲ. ಹಾಗಾಗಿ ಬೀದಿ ತಿಂಡಿಗಳನ್ನೇ ಮಾಡುವ ಒಂದು ಹೊಸ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆವು. ಮೇಲಿನ ಮಹಡಿಯಲ್ಲಿ ಪಬ್ಬೂ ಇದೆ. ಗಾಡಿಯಲ್ಲಿ 40 ರೂಪಾಯಿಗೆ ಸಿಗುವುದಕ್ಕೆ ಅಲ್ಲಿ 160. ಸಾಮಾನೆಲ್ಲ ಚೆನ್ನಾಗಿಯೇ ಇತ್ತು. ಆದರೂ ಚುರುಮುರಿ ಮೆತ್ತಗೆ, ಮಿರ್ಚಿ ತೊಯ್ದ ಹಾಗೆ. ಅವ್ವ ಎರಡು ತುತ್ತು ತಿಂದು ಸುಮ್ಮನಾದರು. ಇಷ್ಟು ದುಡ್ಡು ಕೊಟ್ಟರೂ ಹೀಗೆ ಯಾಕೆ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಒಬ್ಬರು ಪಾನಿಪುರಿಯ ಬಗ್ಗೆ, ಇನ್ನೊಬ್ಬರು ವಡಾಪಾವ್ ಬಗ್ಗೆ. ಅಡುಗೆಯವರಿಗೆ ಕೈ ಕೂಡಿಲ್ಲ ಅಂತಲೇ ಹೆಚ್ಚಿನವರ ಅನುಮಾನ. ನಾನು ಹಾಗೆ ಹೇಳುವುದಿಲ್ಲ. ಬಾಣಲೆಯಿಂದ ಬಾಯಿಗೆ ಎಷ್ಟು ನಿಮಿಷ ಹಿಡಿಯಿತು, ಮೊದಲು ಅದನ್ನು ಎಣಿಸಿ.

ಚುರುಮುರಿಯಿಂದಲೇ ಶುರು ಮಾಡೋಣ. ಕುದಿಸಿ ಒಣಗಿಸಿದ ಭತ್ತದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಾಳಿನೊಳಗೆ ಉಳಿದ ಒಂಚೂರು ನೀರು ಒಮ್ಮೆಲೇ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ಕೊನೆಗೆ ಉಳಿಯುವುದು ತೆಳ್ಳನೆಯ ಗೋಡೆಗಳು, ಮಧ್ಯೆ ಬರೀ ಗಾಳಿಯ ತೂತುಗಳು. ನೀರಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಹಲ್ಲಿಗೆ ಸಿಕ್ಕಾಗ ಕುರುಂ ಅನ್ನುತ್ತದೆ. ಅದಕ್ಕೇ ಹಸಿ ಎಲ್ಲಿ ಕಂಡರೂ ಎಳೆದುಕೊಳ್ಳುತ್ತದೆ. ಆ ಗೋಡೆಗಳು ಒಮ್ಮೆ ತೊಯ್ದರೆ ಮುಗಿಯಿತು. ನೀರೇ ಬೀಳಬೇಕು ಅಂತಿಲ್ಲ, ಬೆಳಗಾವಿಯ ಆಷಾಢದ ಜಿಟಿಜಿಟಿ ಮಳೆಯ ಗಾಳಿ ಸಾಕು. ಗಾಡಿಯವರು ಮಳೆಗಾಲದಲ್ಲಿ ಚುರುಮುರಿ ಚೀಲದ ಬಾಯಿಯನ್ನು ಪ್ರತಿ ಪ್ಲೇಟಿಗೂ ಬಿಚ್ಚಿ ಪ್ರತಿ ಪ್ಲೇಟಿಗೂ ಕಟ್ಟುವುದನ್ನು ನೋಡಿರಬಹುದು.

ನಾನು ಸಂಜೆ ಹೋಗುವ ಒಂದು ಗಾಡಿ ಇದೆ. ಅಲ್ಲಿನ ಕಾಕಾ ಗಿರಮಿಟ್ಟು ಕಲಸುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ, ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಒಗ್ಗರಣೆ ಗೊಜ್ಜು ಒಂದು ಬೋಗುಣಿಯಲ್ಲಿ. ಇನ್ನೊಂದು ದೊಡ್ಡ ಬೋಗುಣಿ ಖಾಲಿ. ಅದಕ್ಕೆ ಎರಡು ಹಿಡಿ ಚುರುಮುರಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು, ಆಮೇಲೆ ಒಂದು ಚಮಚ ಗೊಜ್ಜು. ಸೌಟು ಬೋಗುಣಿಯ ಅಂಚಿಗೆ ಟಣ್ ಟಣ್ ಅಂತ ನಾಲ್ಕು ಸಲ ತಾಗುತ್ತದೆ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಶೇವು ಉದುರಿಸಿ ಪ್ಲೇಟು ಕೈಗೆ. ಗೊಜ್ಜು ಬಿದ್ದ ಮೇಲೆ ಅರ್ಧ ನಿಮಿಷವೂ ಆಗಿರುವುದಿಲ್ಲ. ಪುಟಾಣಿ ಹಿಟ್ಟು ರುಚಿಗೆ ಮಾತ್ರ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಗೊಜ್ಜಿನ ಹಸಿಯನ್ನು ಚುರುಮುರಿಗಿಂತ ಮೊದಲು ತಾನು ಹೀರಿಕೊಳ್ಳುತ್ತದೆ. ಕಾಳಿಗೆ ಒಂದೆರಡು ನಿಮಿಷ ಜಾಸ್ತಿ ಆಯಸ್ಸು ಕೊಡುತ್ತದೆ.

ಕಾಕಾ ಎಲ್ಲರಿಗೂ ಕೇಳುವ ಮೊದಲ ಮಾತು, "ಇಲ್ಲೇ ತಿಂತೀರೇನ್ರಿ, ಕಟ್ಟಿ ಕೊಡ್ಲೇನ್ರಿ?" ಪಾರ್ಸೆಲ್ ಅಂದರೆ ಚುರುಮುರಿ ಬೇರೆ, ಗೊಜ್ಜು ಬೇರೆ, ಉಳ್ಳಾಗಡ್ಡಿ ಬೇರೆ ಕಟ್ಟುತ್ತಾರೆ. ನಾನೊಮ್ಮೆ ಎಲ್ಲ ಕೂಡಿಸಿಯೇ ಕೊಡಿ ಅಂದಿದ್ದಕ್ಕೆ, "ಮನೀಗೆ ಹೋಗಿ ಕಲಸ್ರಿ. ಈಗ ಕಲಸಿದ್ರ ಮುಟ್ಟೋದ್ರಾಗ ಹಿಟ್ಟ ಆಗ್ತದ" ಅಂದರು.

ನಿಮ್ಮ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಇದೆ. ರೆಸ್ಟೋರೆಂಟಿನ ಮೇಜು ಅಂದರೆ ಒಂದು ಸಣ್ಣ ಪಾರ್ಸೆಲ್ ಇದ್ದ ಹಾಗೆ. ನೀವು ಹೇಳಿದ ಆರ್ಡರ್ ಚೀಟಿಯಾಗಿ ಅಡುಗೆಮನೆಗೆ ಹೋಗುತ್ತದೆ. ಗಿರಮಿಟ್ಟು ಬೇಗ ಆಗುವ ತಿಂಡಿ, ಮೊದಲು ಕಲಸಿಬಿಡುತ್ತಾರೆ. ಆದರೆ ಅದೇ ಮೇಜಿನ ಪಾವ್ ಭಾಜಿ ಇನ್ನೂ ತವದ ಮೇಲಿರುತ್ತದೆ. ಎಲ್ಲ ಒಟ್ಟಿಗೆ ಬರಲಿ ಅಂತ ಕಲಸಿದ ಪ್ಲೇಟು ಕಟ್ಟೆಯ ಮೇಲೆ ಕಾಯುತ್ತದೆ. ಆಮೇಲೆ ಹುಡುಗ ಟ್ರೇ ಹಿಡಿದು ಮೆಟ್ಟಿಲು ಹತ್ತಿ ಬರಬೇಕು. ನಾನು ಒಂದು ಸಲ ಇಂಥದ್ದೇ ಒಂದು ಜಾಗದಲ್ಲಿ ಅಡುಗೆಮನೆ ಕಾಣುವ ಕಡೆ ಕೂತು ಗಡಿಯಾರ ನೋಡಿದ್ದೆ. ಕಲಸಿದ ಮೇಲೆ ನನ್ನ ಮುಂದೆ ಬರಲು ಎಂಟು ನಿಮಿಷ. ಬಂದದ್ದು ಉದ್ದನೆಯ ಗಾಜಿನ ಲೋಟದಲ್ಲಿ, ಬಿಸಿ ಮಿರ್ಚಿಯನ್ನು ಅದರ ಮೇಲೇ ಮಲಗಿಸಿದ್ದರು. ನೋಡಲು ಬಹಳ ಚೆಂದ. ಆದರೆ ಮಿರ್ಚಿಯ ಆವಿ ಕೆಳಗಿಳಿದು ಚುರುಮುರಿ ತೊಯ್ದಿತ್ತು, ಚುರುಮುರಿಗೆ ಒತ್ತಿದ್ದ ಕಡೆ ಮಿರ್ಚಿಯ ಸಿಪ್ಪೆಯೂ ಬಿಟ್ಟುಕೊಂಡಿತ್ತು.

ಮಿರ್ಚಿಯ ಕಷ್ಟ ಸ್ವಲ್ಪ ಬೇರೆ. ಹಸಿಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ನೀರೇ. 170–180 ಡಿಗ್ರಿ ಎಣ್ಣೆಯಲ್ಲಿ ಬಿದ್ದಾಗ ಹೊರಗಿನ ಕಡಲೆಹಿಟ್ಟು ಒಣಗಿ ಗರಿಗರಿಯಾಗುತ್ತದೆ, ಒಳಗಿನ ಕಾಯಿ ಮಾತ್ರ ಹಬೆಯಲ್ಲಿ ಬೇಯುತ್ತದೆ. ಎಣ್ಣೆಯಿಂದ ತೆಗೆದ ಮೇಲೂ ಆ ಹಬೆ ಹೊರಗೆ ಬರುತ್ತಲೇ ಇರುತ್ತದೆ. ಗಾಡಿಯಲ್ಲಿ ಜಾಲರಿಯ ಮೇಲೆ ಗಾಳಿಗೆ ಹರಡಿರುತ್ತಾರೆ, ಹಬೆ ಹಾರಿಹೋಗುತ್ತದೆ. ಮುಚ್ಚಿದ ಬುಟ್ಟಿಯಲ್ಲಿ, ಒಂದರ ಮೇಲೊಂದು ಪೇರಿಸಿದಲ್ಲಿ, ಹಬೆ ಸಿಪ್ಪೆಯಲ್ಲೇ ಕೂರುತ್ತದೆ. ಕೆಲವು ಕಡೆ ಕಟ್ ಮಿರ್ಚಿ ಅಂತ ಸಿಗುತ್ತದಲ್ಲ, ಒಮ್ಮೆ ಕರಿದ ಮಿರ್ಚಿಯನ್ನು ತುಂಡು ಮಾಡಿ ಮತ್ತೆ ಕರಿದದ್ದು. ಅದರಲ್ಲಿ ಕಾಯಿಯ ನೀರೂ ಬಹುಪಾಲು ಹೋಗಿರುತ್ತದೆ. ಮೇಜಿನ ಮೇಲೆ ಹತ್ತು ನಿಮಿಷ ಇದ್ದರೂ ತಡೆಯುತ್ತದೆ. ಮೆನುವಿನಲ್ಲಿ ಅದು ಇದ್ದರೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ.

ಹಾಗಂತ ಬೀದಿ ತಿಂಡಿ ಎಲ್ಲವೂ ಮೇಜಿನ ಮೇಲೆ ಸೋಲುತ್ತದೆ ಅಂತಲ್ಲ. ಚುರುಮುರಿ ಒಂದನ್ನೇ ನಮ್ಮ ಕಡೆ ಮೂರು ರೀತಿ ತಿನ್ನುತ್ತೇವೆ. ಗಿರಮಿಟ್ಟಿಗೆ ಸಿಗುವುದು ಕೆಲವೇ ನಿಮಿಷ. ಭಡಂಗಕ್ಕೆ ವಾರಗಟ್ಟಲೆ ಆಯಸ್ಸು. ಶೇಂಗಾ, ಬೆಳ್ಳುಳ್ಳಿ, ಕರಿಬೇವು, ಖಾರದ ಪುಡಿ, ಎಲ್ಲವೂ ಎಣ್ಣೆಯಲ್ಲೇ, ನೀರಿನ ಹನಿಯೂ ಇಲ್ಲ. ಸಾಂಗ್ಲಿ, ಕೊಲ್ಹಾಪುರ ಕಡೆಯ ಈ ತಿಂಡಿಗೆ ಬೆಳಗಾವಿಯೂ ಮನೆಯೇ. ಇನ್ನು ವಿಜಯಪುರ, ಬಾಗಲಕೋಟೆಯ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮಾಡುವ ಸೂಸಲಾ. ಅದರಲ್ಲಿ ಚುರುಮುರಿಯನ್ನು ಬೇಕಂತಲೇ ನೀರಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆ ಹಾಕುತ್ತಾರೆ. ಅದು ಮೆತ್ತಗಿದ್ದರೇ ಚೆಂದ. ಬಿಸಿ ಆರದಿದ್ದರೆ ಸಾಕು, ತಡವಾದರೂ ಅದಕ್ಕೆ ನಷ್ಟವಿಲ್ಲ.

ಪಬ್ಬಿನ ಮೇಜಿಗೆ ನಾನು ಭಡಂಗವನ್ನೇ ಆರಿಸುತ್ತೇನೆ. ಮಾತು ಉದ್ದವಾದಷ್ಟೂ ಅದು ಕಾಯುತ್ತದೆ. ಹಾಗೆಯೇ ಮಿಸಳ್, ರಗಡಾ, ಪಾವ್ ಭಾಜಿ. ಇವು ಪಾತ್ರೆಯಲ್ಲಿ ಕೂತಷ್ಟೂ ಮಸಾಲೆ ಹಿಡಿಯುವ ತಿಂಡಿಗಳು. ಮಿಸಳ್‌ನಲ್ಲಿ ಮಾತ್ರ ಮೇಲಿನ ಫರಸಾಣ ಬೇರೆ ಬಟ್ಟಲಲ್ಲಿ ತರಲು ಹೇಳಿ. ಪಾನಿಪುರಿಯೂ ಅಷ್ಟೇ, ಪಾನಿ ಬೇರೆ ಇರಲಿ. ತುಂಬಿಸಿ ತಂದ ಆರು ಪುರಿಗಳಲ್ಲಿ ಕೊನೆಯ ಎರಡು ಬಾಯಿಗೆ ಬರುವ ಮೊದಲೇ ಕೈಯಲ್ಲಿ ಒಡೆಯುತ್ತವೆ.

ಗೆಳೆಯರ ಜೊತೆ ಮೇಲಿನ ಮಹಡಿಗೆ ಹೋಗುವವರಿಗೆ ಇನ್ನೊಂದು ಮಾತು. ಐಸಿನಷ್ಟು ತಣ್ಣಗಿನ ಬಿಯರ್ ಕುಡಿದ ನಾಲಿಗೆಗೆ ಸಿಹಿ ಸರಿಯಾಗಿ ಗೊತ್ತಾಗುವುದಿಲ್ಲ. ಗಿರಮಿಟ್ಟಿನ ಬೆಲ್ಲ ಮಂದವಾಗಿ ಬರೀ ಖಾರ, ಉಪ್ಪು ಮುಂದೆ ಬರುತ್ತದೆ. ಆ ಖಾರ ಇಳಿಸಲು ಮತ್ತೆ ಬಿಯರ್ ಕುಡಿಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಬಿಯರ್ ಅಂದರೆ ಹೆಚ್ಚುಕಡಿಮೆ ನೀರೇ. ಬಿಸಿಯನ್ನು ಗುರುತಿಸುವ ನರಗಳನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ, ಅದಕ್ಕೇ ನಾವು "ಬಾಯಿ ಸುಟ್ಟಿತು" ಅನ್ನುತ್ತೇವೆ. ಬಿಸಿಗೂ ಖಾರಕ್ಕೂ ತೆರೆದುಕೊಳ್ಳುವ ನರದ ದ್ವಾರವನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಖಾರ ಇಳಿಸುವುದು ಹಾಲಿನ ಪದಾರ್ಥ. ಒಂದು ಲೋಟ ಮಜ್ಜಿಗೆ ಸಾಕು. ಬೆಳಗಾವಿಯಲ್ಲಿದ್ದು ಕುಂದಾ ಮರೆಯುವ ಹಾಗೂ ಇಲ್ಲ ಅಲ್ವಾ, ಹಾಲು, ಸಕ್ಕರೆ ಎರಡೂ ಅದರಲ್ಲೇ ಇವೆ.

ದುಡ್ಡಿನ ಮಾತಿಗೆ ಬರುತ್ತೇನೆ. 40 ಇದ್ದದ್ದು 160 ಆಗುವುದಕ್ಕೆ ಬಾಡಿಗೆ, ಎಸಿ, ಸಂಬಳ, ಲೈಸೆನ್ಸು ಎಲ್ಲ ಕಾರಣ. ಅದನ್ನು ನಾನು ಮೋಸ ಅನ್ನುವುದಿಲ್ಲ. ಕೂರಲು ಕುರ್ಚಿ, ಕೈ ತೊಳೆಯಲು ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇರುವ ಜಾಗಕ್ಕೆ ಬೆಲೆ ಇದೆ. ನಿಮ್ಮ ಅವ್ವನಂಥವರಿಗಂತೂ ಅದೇ ದೊಡ್ಡದು. ಆದರೆ ಬಿಲ್ ಒಮ್ಮೆ ಓದಿ. ಸಾಮಾನ್ಯ ರೆಸ್ಟೋರೆಂಟಿನ ಊಟ ತಿಂಡಿಗೆ 2017ರ ನವೆಂಬರಿನಿಂದ ಶೇ. 5 ಜಿಎಸ್‌ಟಿ. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮದ್ಯ ಜಿಎಸ್‌ಟಿಯ ಹೊರಗಿದೆ. ಹಾಗಾಗಿ ಒಂದೇ ಬಿಲ್ಲಿನಲ್ಲಿ ಗಿರಮಿಟ್ಟು, ಬಿಯರ್ ಎರಡೂ ಇದ್ದರೆ ಆ ಶೇ. 5 ತಿಂಡಿಯ ಮೊತ್ತದ ಮೇಲೆ ಮಾತ್ರ ಬಿದ್ದಿದೆಯೇ ನೋಡಿ. ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಬಹುದು, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಖುಷಿಯಾದರೆ ತಂದುಕೊಟ್ಟ ಹುಡುಗನ ಕೈಗೇ ಟಿಪ್ಸ್ ಕೊಡಿ.

ಅವ್ವನನ್ನು ಮತ್ತೆ ಕರೆದುಕೊಂಡು ಹೋಗಿ. ಸಂಜೆ ಐದೂವರೆಗೆ, ಜನ ಸೇರುವ ಮೊದಲು. ಮೆಟ್ಟಿಲು ಬೇಡ, ಕೆಳಗೇ ಅಡುಗೆಮನೆಯ ಹತ್ತಿರದ ಮೇಜು ಕೇಳಿ. ಎಲ್ಲ ಒಟ್ಟಿಗೆ ಹೇಳಬೇಡಿ. ಮೊದಲು ಮಿರ್ಚಿ ಮಾತ್ರ, ಅದೂ ಎರಡೆರಡು. ಗಿರಮಿಟ್ಟಿಗೆ ಚುರುಮುರಿ, ಗೊಜ್ಜು, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ ಬೇರೆ ಬೇರೆ ತನ್ನಿ ಅಂತ ಹೇಳಿ. ಆ ಲೋಟದ ಗಿರಮಿಟ್ಟು ತಿಂದ ಜಾಗಕ್ಕೆ ಎರಡನೇ ಸಲ ಹೋದಾಗ ನಾನು ಹೀಗೇ ಕೇಳಿದ್ದೆ. ಹುಡುಗನಿಗೆ ಮೊದಲು ಅರ್ಥವಾಗಲಿಲ್ಲ. ಒಳಗೆ ಹೋಗಿ ಬಂದವನು, "ಅಣ್ಣಾರು ಹೂಂ ಅಂದ್ರ್ರಿ" ಅಂತ ನಾಲ್ಕು ಬಟ್ಟಲು ಮತ್ತು ಒಂದು ಖಾಲಿ ಬೋಗುಣಿ ತಂದಿಟ್ಟ. ನಿಮ್ಮ ಮೇಜಿಗೂ ಹಾಗೆ ಬಂದರೆ ಸೌಟನ್ನು ಅವ್ವನ ಕೈಗೆ ಕೊಡಿ. ಅವರ ಗಿರಮಿಟ್ಟಿಗೆ ಎಷ್ಟು ಗೊಜ್ಜು ಬೇಕು ಅಂತ ಅವರಿಗೇ ಗೊತ್ತು.