ವಾಚಿಲ್ಲದ ಓಟ: ಮಗ್ಗಿ, ನಾಡಿ, ದೀಪದ ಕಂಬ

ಓಟ ಸುಧಾರಿಸಿದೆಯಾ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು. ಅಷ್ಟೇ ಶ್ರಮಕ್ಕೆ ಈಗ ಜಾಸ್ತಿ ದೂರ ಹೋಗುತ್ತಿದ್ದೇನಾ? ದೂರ ಅಳೆಯುವುದು ಸುಲಭ. ‘ಅಷ್ಟೇ ಶ್ರಮ’ ಅನ್ನುವುದನ್ನು ಗುರುತಿಸುವುದೇ ಕಷ್ಟ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಇದಕ್ಕೊಂದು ಅಳತೆ ಮಾಡಿದರು. ಅದು 6ರಿಂದ 20ರವರೆಗೆ ಇದೆ. 6 ಅಂದರೆ ಸುಮ್ನೆ ಕೂತಿರುವುದು, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. 6ರಿಂದ ಯಾಕೆ ಶುರು ಅಂತ ನನಗೆ ಮೊದಲು ಹೊಳೆದಿರಲಿಲ್ಲ. ನಿಮಗೆ ಅನಿಸಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಆ ಹೊತ್ತಿನ ಎದೆಬಡಿತ ಸಿಗುತ್ತದೆ. 13 ಅನಿಸಿದರೆ ಸುಮಾರು 130. ಇದು ಆರೋಗ್ಯವಂತ ಯುವಕರ ಲೆಕ್ಕ. ವಯಸ್ಸಾದವರು ಗುಣಾಕಾರ ಬಿಟ್ಟು ಅಂಕಿಯನ್ನಷ್ಟೇ ನೋಡಿದರೆ ಸಾಕು.

ಅಂಕಿ ಹೇಳುವುದು ಕಷ್ಟವಾದರೆ ಮಗ್ಗಿ ಹೇಳಿ. ಓಡುತ್ತಲೇ ಗಟ್ಟಿಯಾಗಿ, ‘ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು’. ಒಂದೇ ಉಸಿರಿಗೆ ಎರಡು ಸಾಲು ಬಂದರೆ ಅದು ಹಗುರ ಓಟ. ಒಂದು ಸಾಲು ನಡುವೆ ಮುರಿದರೆ ವೇಗ ಹೆಚ್ಚಾಗಿದೆ. ವಾರದ ಹೆಚ್ಚಿನ ಓಟ ಎರಡು ಸಾಲಿನದೇ ಆಗಿರಲಿ. ನಾನು ಕಂಡಂತೆ ಹೊಸಬರು ಎಡವುವುದು ಇಲ್ಲೇ. ದಿನಾ ಏದುಸಿರು ಬಿಟ್ಟು ಓಡಿ ತಿಂಗಳೊಳಗೆ ಮೊಣಕಾಲು ನೋವು ಅನ್ನುತ್ತಾರೆ.

ಪರೀಕ್ಷೆ ಬೇಕೆಂದರೆ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ್ದು ಇದೆ. 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರಿ, ಅಷ್ಟೇ. ಸಮಯ ನೋಡಲು ಗೆಳೆಯರೊಬ್ಬರ ಮುಳ್ಳಿನ ಗಡಿಯಾರ ಸಾಕು. ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಒಳಗಿನ ಲೇನು ಮಾತ್ರ 400 ಮೀಟರ್. ಎಂಟನೇ ಲೇನಿನ ಸುತ್ತು ಸುಮಾರು 450 ಆಗುತ್ತದೆ, ಹಾಗಾಗಿ ಲೇನು ಬದಲಿಸಬೇಡಿ. ಐದೂವರೆ ಸುತ್ತು ಅಂದರೆ 2200 ಮೀಟರ್. ಇದರಲ್ಲಿ 505 ಕಳೆದು 45ರಿಂದ ಭಾಗಿಸಿದರೆ ಸುಮಾರು 38 ಬರುತ್ತದೆ. ದೇಹದ ಒಂದೊಂದು ಕೆಜಿಗೂ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲಿರಿ ಎಂಬ ಅಂದಾಜು ಇದು. ದುಬಾರಿ ವಾಚುಗಳು ವಿಒ2 ಮ್ಯಾಕ್ಸ್ ಅಂತ ತೋರಿಸುವುದು ಇದನ್ನೇ, ಅದೂ ಅಂದಾಜೇ ಅಲ್ವಾ? ಎರಡು ತಿಂಗಳ ನಂತರ 2300 ಓಡಿದರೆ 40 ಆಗುತ್ತದೆ. ಆದರೆ ಹೊತ್ತು, ಹವೆ ಎರಡೂ ಹಿಂದಿನಂತೆಯೇ ಇರಲಿ. ಜನವರಿಯ ಬೆಳಗಿನ ಓಟವನ್ನು ಏಪ್ರಿಲ್ ಸೆಕೆಯ ಓಟಕ್ಕೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ನಾಡಿ ನೋಡುವಾಗ ಹೆಬ್ಬೆರಳು ಬೇಡ, ಅದರಲ್ಲೇ ಮಿಡಿತ ಇರುತ್ತದೆ. ತೋರುಬೆರಳು, ನಡುಬೆರಳು ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಓಟ ನಿಲ್ಲಿಸಿದ ತಕ್ಷಣ ಒಮ್ಮೆ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಈ ಇಳಿತ ವಾರದಿಂದ ವಾರಕ್ಕೆ ದೊಡ್ಡದಾದರೆ ಖುಷಿ ಪಡಿ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದಾಗ ಎಂದಿಗಿಂತ ಎಂಟ್ಹತ್ತು ಬಡಿತ ಜಾಸ್ತಿ ಇದ್ದರೆ ನಿದ್ದೆ ಸಾಲದೆ ಇರಬಹುದು, ಜ್ವರ ಬರುತ್ತಿರಬಹುದು. ಅವತ್ತು ನಡೆದರೆ ಸಾಕು.

ವೇಗ ಹೆಚ್ಚಿಸಲು ವಾರಕ್ಕೊಂದು ದಿನ ಫಾರ್ಟ್‌ಲೆಕ್. 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮೇರ್ ರೂಪಿಸಿದ್ದು. ಹೆಸರಿನ ಅರ್ಥವೇ ವೇಗದ ಆಟ. ಕೆರೆ ಏರಿಯ ಮೇಲೆ ಎರಡು ದೀಪದ ಕಂಬ ಜೋರಾಗಿ, ಎರಡು ಕಂಬ ನಿಧಾನವಾಗಿ ಓಡಿ. ನಿಧಾನದ ಎರಡನೇ ಕಂಬ ಮುಟ್ಟುವಾಗ ಒಂದು ಸಾಲು ಮಗ್ಗಿಯೂ ಬಾರದಿದ್ದರೆ ಮುಂದಿನ ಸಲ ಮೂರು ಕಂಬ ನಿಧಾನವಾಗಿ ಹೋಗಿ.